ಒಂದು ದಿನದ ತಿಪ್ಪೆ

೧೯೩೬ ಫೆಬ್ರವರಿ ೩, ಸೋಮವಾರ. ಏಕಾದಶಿ

ಉಪವಾಸ. ಆದರೂ ಮೊಸರು ಹೊತ್ತು ಉರಿಗಾಮಿಗೆ ಹೋಗಿಬಂದೆ. ಉಪವಾಸ ನನಗೆ, ಗಣಿ ಕೂಲಿಗಳ ಲೈನುಮನೆಯವರಿಗಲ್ಲ.

ಗಣಿಯಲ್ಲಿ ಪಾಳಿ ಬದಲಾಗೋ ಮೊದಲನೇ ಸಂಗು ಕೂಗಿದಾಗ ಸೈನೈಡ್ ಗುಡ್ಡದ ಪಕ್ಕ ಇದ್ದೆ. ಗಾಳಿ ಎದ್ದು ಬಿಳಿ ಮರಳೆಲ್ಲ ಮಡಕೆಯ ಮುಚ್ಚಳದ ಮೇಲೆ. ಕಲ್ಲು ಅರೆದು ಚಿನ್ನ ತೆಗೆದ ಮೇಲೆ ಮಿಕ್ಕ ಹಿಟ್ಟು ಇದು. ಗುಡ್ಡ ಇಷ್ಟು ಎತ್ತರ ಅಂದರೆ ಕೆಳಗೆ ಅಷ್ಟೇ ಟೊಳ್ಳಾಗಿರಬೇಕಲ್ಲ? ಒಂದೊಂದು ಸಲ ಮೆಲ್ಲಗೆ ಕಾಲಿಡುತ್ತೀನಿ. ಗೋವಿಂದಾ.

ಮೊದಲನೇ ಮನೆ ಮಾರಿಯಮ್ಮಂದು. ತಮಿಳು ಹೆಂಗಸು, ಗಂಡ ಗಣಿ ಒಳಗೆ ಕಲ್ಲು ಒಡೆಯೋನು. ವರ್ಷಾನುಗಟ್ಟಲೆಯಿಂದ ಅವಳ ಪಾತ್ರೆಗೆ ಮೇಲಿಂದ ಸುರಿಯುತ್ತೀನಿ, ತಾಕದ ಹಾಗೆ. ಅವಳು ಏನೂ ಅನ್ನಲ್ಲ. ಆದರೆ ಮುಖ ಅಂದ ಹಾಗೆ ಇರುತ್ತೆ. ಮೊಸರು ಹುಳಿ ಅಂದಳು ಇವತ್ತು. ಬಿಸಿಲು ನೋಡಮ್ಮ, ಹುಳಿಯಾಗದೆ ಸಿಹಿಯಾಗುತ್ತಾ ಅಂದೆ. ಅವಳು ತಮಿಳು, ನಾನು ಕನ್ನಡ. ಬೈದಾಡೋಕೆ ಮಾತ್ರ ಇಬ್ಬರೂ ತೆಲುಗು.

ಲೈನಿನ ತಲೆಯಲ್ಲಿ ಕಂಬದ ಮೇಲೆ ಕರೆಂಟ್ ದೀಪ ಇದೆ. ಎಣ್ಣೆ ಹೊಯ್ಯೋರಿಲ್ಲ, ಬತ್ತಿ ಹೊಸೆಯೋರಿಲ್ಲ. ಎಲ್ಲೋ ಶಿವನಸಮುದ್ರದಲ್ಲಿ ನೀರು ಬಿದ್ದರೆ ಇಲ್ಲಿ ದೀಪ ಹತ್ತುತ್ತಂತೆ. ನೀರಿಂದ ಬೆಂಕಿ... ಯಾರನ್ನ ಕೇಳಿದರೂ ಹಾಗೇ ಅಂತಾರೆ, ಹೇಗೆ ಅಂತ ಯಾರೂ ಹೇಳಲ್ಲ.

ಮನೆಗೆ ಬಂದರೆ ಬಳೆ ಶೆಟ್ಟಿ ಕೂತಿದ್ದ. ನಮ್ಮ ಮಗಳು ಪಾಪಕ್ಕನಿಗೆ ಗಂಡು ಹೇಳೋಕೆ ಬಂದಿದ್ದಾನೆ. ಉರಿಗಾಂ ಲೈನಿನಲ್ಲೇ. ನಮ್ಮವರೇ, ಬೌರಿಂಗ್‌ಪೇಟೆ ಕಡೆಯಿಂದ ಹೋಗಿ ಗಣಿ ಸೇರಿದ ಮನೆ. ತಂದೆ ಶ್ರೀನಿವಾಸಪ್ಪಂದು ಒಳಗೆ ಇಳಿದು ಕಲ್ಲು ಕುಸಿಯದ ಹಾಗೆ ಮರದ ಊರುಗಂಬ ಕೂರಿಸೋ ಕೆಲಸ. ಹುಡುಗ ಕೋದಂಡಪ್ಪ ಮೇಲುಗಡೆ ವರ್ಕ್‌ಶಾಪಿನಲ್ಲಿ ಫಿಟ್ಟರ್.

ಫೆ. ೫, ಬುಧವಾರ

ಮನೇಲಿ ಎರಡು ಮಾತು. ಕ್ಯಾಸಂಬಳ್ಳಿ ಸೊಣ್ಣಪ್ಪನ ಮನೆಯಿಂದಲೂ ಕೇಳಿದ್ದಾರೆ. ಯಜಮಾನರಿಗೆ ಅದೇ ಇಷ್ಟ. ಅವರ ತಿಪ್ಪೆ ಹಿಂದೆ ಆಳು ನಿಂತರೆ ರುಮಾಲು ಕಾಣಲ್ಲವಂತೆ.

ನಮ್ಮ ಕಡೆ ಹೆಣ್ಣು ಕೊಡೋ ಮುಂಚೆ ತಿಪ್ಪೆ ನೋಡಬೇಕು. ಮನೆ ಒಳಗಿನದೆಲ್ಲ ಎರವಲು ತಂದಿಟ್ಟಾರು, ತಿಪ್ಪೆ ಎರವಲು ತರೋಕಾಗಲ್ಲ ಅಂತ ಮಾವನವರು ಹೇಳೋರು. ತಿಪ್ಪೆ ಇದ್ದರೆ ದನ ಇದೆ, ದನ ಇದ್ದರೆ ಹೊಲಕ್ಕೆ ಗೊಬ್ಬರ ಇದೆ, ಗೊಬ್ಬರ ಇದ್ದರೆ ಮಗಳ ತಟ್ಟೆಗೆ ಮುದ್ದೆ ಇದೆ. ನನ್ನನ್ನೂ ಹಾಗೇ ಕೊಟ್ಟರು. ತಪ್ಪೇನೂ ಆಗಲಿಲ್ಲ.

ಲೈನಿನ ಮನೆಗೆ ತಿಪ್ಪೆ ಎಲ್ಲಿಂದ ಬರಬೇಕು ಅಂತ ಯಜಮಾನರು ಶೆಟ್ಟಿಯನ್ನ ಕೇಳಿದರು. ಶೆಟ್ಟಿ ಬಾಯಿ ತಪ್ಪಿಯೂ ಇಲ್ಲ ಅನ್ನಲಿಲ್ಲ. ಐತೆ ಸ್ವಾಮಿ, ಬಂದು ನೋಡಿ, ಅಂದ.

ಐತೆ? ಇಷ್ಟು ವರ್ಷ ಆ ಲೈನಿನಲ್ಲಿ ತಿರುಗಿದ್ದೀನಿ, ಒಂದು ತಿಪ್ಪೆ ಕಂಡಿಲ್ಲ.

ಸಂಜೆ ಪಾಪಕ್ಕ ರಾಗಿ ಬೀಸ್ತಾ ಇದ್ದಳು. ಬಗ್ಗಿದ ತಲೆ ಎತ್ತದೆ ಕೇಳಿದಳು — "ಅಲ್ಲಿ ನಲ್ಲಿ ಮನೆಯಿಂದ ಏಸು ದೂರವ್ವಾ?"

ಬೀದಿ ದಾಟಿದರೆ ನಲ್ಲಿ ಅಂದೆ. ಬೀಸೋಕಲ್ಲು ಒಂದು ಗಳಿಗೆ ನಿಂತು ಮತ್ತೆ ತಿರುಗಿತು. ನಮ್ಮ ಬಾವಿ ಕೆರೆಯ ಆಚೆ. ಹುಟ್ಟಿದಾಗಿನಿಂದ ಆ ದಾರಿ ತುಳಿದಿದ್ದಾಳೆ.

ಏನೇ ಆದರೂ ಯುಗಾದಿಗೆ ಮುಂಚೆ ಮುಗಿಸಬೇಕು. ಯುವ ಸಂವತ್ಸರ ಮುಗಿದರೆ ಧಾತು. ಅರವತ್ತು ವರ್ಷದ ಹಿಂದೆ ಬಂದ ಧಾತುವಿನ ಬರದ ಸುದ್ದಿ ಅವ್ವ ಹೇಳುವಾಗ ದೀಪದ ಕಡೆ ತಿರುಗಿ ಕೂರೋಳು. ಆ ಹೆಸರಿನ ವರ್ಷದಲ್ಲಿ ಹಸೆಮಣೆ ಹಾಕೋದು ಯಾರಿಗೂ ಬೇಡ.

ಫೆ. ೯, ಭಾನುವಾರ

ಮೊಸರು ಮುಗಿದ ಮೇಲೆ ಬೇಕಂತಲೇ ಲೈನೆಲ್ಲ ಸುತ್ತಿದೆ. ತಿಪ್ಪೆ ಹುಡುಕ್ಕೊಂಡು. ಇದು ಯಾರಿಗಾದರೂ ಹೇಳೋ ಮಾತಾ.

ಬೀದಿ ಕೊನೆಗೆ ಒಂದೊಂದು ತೊಟ್ಟಿ. ಎಲ್ಲರ ಕಸವೂ ಅಲ್ಲಿಗೇ. ಬಗ್ಗಿ ನೋಡಿದೆ — ಬೂದಿ, ಮೀನಿನ ಮುಳ್ಳು, ತೆಂಗಿನ ಕರಟ, ಹರಿದ ಕ್ಯಾನ್‌ವಾಸ್ ಬೂಟು, ದೊರೆಗಳ ಮನೇದೋ ಏನೋ ಒಂದು ಬಿಸ್ಕತ್ತಿನ ಡಬ್ಬಿ. ಯಾವುದು ಯಾರದು? ಯಾರು ಉಂಡರು, ಯಾರು ಉಪವಾಸ? ಎಲ್ಲರ ಬಾಳೂ ಒಂದೇ ತೊಟ್ಟಿಗೆ ಬಿದ್ದಿದ್ದರೆ ನೋಡಿದೋಳಿಗೆ ಏನು ತಿಳಿಯುತ್ತೆ.

ನಲ್ಲಿ ಹತ್ತಿರವೂ ನಿಂತೆ. ಬೇತಮಂಗಲದ ಕೆರೆ ನೀರು. ತಮಿಳರು, ತೆಲುಗರು, ಸಾಬರು, ಕ್ರಿಸ್ತಾನರು, ನಮ್ಮವರು, ಎಲ್ಲರ ಕೊಡವೂ ಒಂದೇ ಸಾಲು. ಮೊದಲು ಬಂದೋಳು ಮೊದಲು ಹಿಡೀತಾಳೆ. ನಮ್ಮೂರಲ್ಲಿ ಹೀಗಾದರೆ ಪಂಚಾಯ್ತಿ ಸೇರುತ್ತಿತ್ತು. ಮೈಲಿಗೆ ಅನ್ನಿಸಿತು. ಮತ್ತೆ ಅನ್ನಿಸಿತು, ಕೆರೆಯಲ್ಲಿದ್ದಾಗ ಅದು ಯಾರ ನೀರಾಗಿತ್ತು? ದೇವರು ಮಳೆ ಸುರಿಸೋವಾಗ ಮನೆ ನೋಡಲ್ಲ.

ವಾಪಸು ಬರುವಾಗ ರಾಬರ್ಟ್‌ಸನ್‌ಪೇಟೆ ಹಾಲಿನ ಪೆರುಮಾಳ್ ಸಿಕ್ಕಿದ, ಎಮ್ಮೆ ಹೊಡಕೊಂಡು. ಮುಂದೆ ಅವನ ಮೋಟುಕೊಂಬಿನ ಎಮ್ಮೆ, ದಾರಿ ಅದಕ್ಕೇ ಗೊತ್ತು. ಲೈನಿನಲ್ಲಿ ತಿಪ್ಪೆ ಇರುತ್ತಾ ಅಂತ ಕೇಳಿದೆ. ಸಗಣಿ ಒಂದು ರಾತ್ರಿ ಬಿದ್ದಿದ್ದರೆ ಸ್ಯಾನಿಟರಿ ಇನಿಸ್‌ಪೆಟ್ರು ದಂಡ ಹಾಕ್ತಾನೆ, ನಿನಗ್ಯಾಕೆ ಅಂದ. ಸುಮ್ಮನೆ ಅಂದೆ.

ಫೆ. ೧೩, ಗುರುವಾರ

ಮನೆ ನೋಡಿಬಂದೆವು. ಯಜಮಾನರು, ಅವರಣ್ಣ ಅಶ್ವತ್ಥಪ್ಪ ಭಾವ, ನಾನು, ಇನ್ನಿಬ್ಬರು. ಬಂಡಿ ಕಟ್ಟಿಕೊಂಡು.

ತಿಪ್ಪೆ ಇತ್ತು.

ಮನೆ ಹಿಂದೆ, ಗೋಡೆಗೆ ಒತ್ತಿಕೊಂಡು. ದೊಡ್ಡದೇ. ಪಕ್ಕದಲ್ಲಿ ಗೂಟ, ಗೂಟಕ್ಕೆ ಎಮ್ಮೆ. ಭಾವನವರು ತಿಪ್ಪೆ ನೋಡೋದರಲ್ಲಿ ಹೆಸರಾದೋರು, ಸುತ್ತ ಊರಿನೋರೆಲ್ಲ ಕರಕೊಂಡು ಹೋಗ್ತಾರೆ. ಕೋಲು ತೆಗೆದು ಮೇಲುಗಡೆ ತಿವಿದರು. ಕೋಲು ಸರ್ ಅಂತ ಇಳಿಯಿತು. ಯಜಮಾನರ ಕಡೆ ನೋಡಿ ತಲೆ ಆಡಿಸಿದರು. ಗಂಡಸರೆಲ್ಲ ಒಳಗೆ ಹೋಗಿ ಚಾಪೆ ಮೇಲೆ ಕೂತರು.

ನಾನು ಹಿಂದೆ ಉಳಿದೆ. ಬುಡ ನೋಡಿದೆ. ಬೂದಿ ಇಲ್ಲ. ರಾಗಿ ಹೊಟ್ಟಿಲ್ಲ, ಸವೆದ ಪೊರಕೆ ಇಲ್ಲ, ಕೋಳಿ ಕೆದಕಿದ ಗುರುತಿಲ್ಲ. ತಿಪ್ಪೆಗೂ ವಯಸ್ಸು ಅಂತ ಇರುತ್ತೆ, ಬುಡ ಕಪ್ಪಾಗಿ ಮೇಲೆ ಹಸಿರಾಗಿ. ಇದು ಮೇಲೂ ಹಸಿ, ಬುಡವೂ ಹಸಿ. ನಿನ್ನೆ ಹುಟ್ಟಿದ ತಿಪ್ಪೆ.

ತಲೆ ಎತ್ತಿದರೆ ಎಮ್ಮೆ ನನ್ನನ್ನೇ ನೋಡ್ತಾ ಇದೆ. ಒಂದು ಕೊಂಬು ಮೋಟು. ಪೆರುಮಾಳ್ ಎಮ್ಮೆ. ದಿನಾ ದಾರಿಯಲ್ಲಿ ನೋಡೋ ಮುಖ, ಅದಕ್ಕೆ ನನ್ನ ಗುರುತು ಸಿಕ್ಕಿತು, ನನಗೆ ಅದರ ಗುರುತು ಸಿಕ್ಕಿತು. ಅದೂ ಸುಮ್ಮನಿತ್ತು, ನಾನೂ ಸುಮ್ಮನಿದ್ದೆ.

ಒಳಗೆ ಹುಡುಗನ ತಾಯಿ ಅಮ್ಮಾಜಮ್ಮ ಪಾನಕ ಕೊಟ್ಟಳು. ಮನೆ ಚೊಕ್ಕಟ. ವೆಂಕಟರಮಣನ ಪಟಕ್ಕೆ ತುಳಸಿ ಸರ, ಬಾಡಿರಲಿಲ್ಲ. ಹುಡುಗ ಹೆಚ್ಚು ಮಾತಾಡಲಿಲ್ಲ. ಉಗುರು ಸಂದಿಗೆ ಗ್ರೀಸು, ಉಜ್ಜಿ ಉಜ್ಜಿ ಬೆರಳು ಕೆಂಪಾಗಿತ್ತು. ಭಾವನವರು ಕಾರ್ಖಾನೇಲಿ ಏನಪ್ಪ ಮಾಡ್ತೀಯ ಅಂದರೆ, ಮುರಿದಿದ್ದು ಮಾಡ್ತೀನಿ ಅಂದ. ಎಲ್ಲರೂ ನಕ್ಕರು. ಅವನಿಗೆ ಯಾಕೆ ಅಂತ ತಿಳೀಲಿಲ್ಲ.

ಬಂಡಿಯಲ್ಲಿ ಯಜಮಾನರಿಗೆ ಸಂತೋಷ. ಸೊಣ್ಣಪ್ಪನಿಗೆ ಬೇರೆ ಹೆಣ್ಣು ಸಿಗ್ತದೆ ಬಿಡು ಅಂದರು. ಯುಗಾದಿಗೆ ಮೊದಲು ಲಗ್ನ ಅಂತ ಮಾತಾಯಿತು.

ಫೆ. ೧೪

ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಂತ ನನಗೇ ಗೊತ್ತಿಲ್ಲ. ಸುಳ್ಳು ಹೇಳೋರನ್ನ ಕಂಡಿದ್ದೀನಿ. ಸಗಣಿಯಲ್ಲಿ ಸುಳ್ಳು ಹೇಳಿದೋರನ್ನ ಕಂಡಿರಲಿಲ್ಲ. ಹೊತ್ತು ತಂದು, ಸುರಿದು, ಗುಡ್ಡೆ ಮಾಡಿ... ಎಷ್ಟು ಕಷ್ಟದ ಸುಳ್ಳು.

ಫೆ. ೧೭, ಸೋಮವಾರ

ಅಮ್ಮಾಜಮ್ಮನ ಮನೆಗೇ ಹೋದೆ. ಬೀಗರ ಮನೆಗೆ ಹೋಗೋ ಹಾಗಲ್ಲ, ಮೊಸರಿನವಳು ಹೋಗೋ ಹಾಗೆ, ಹಿತ್ತಲಿಂದ. ತಿಪ್ಪೆ ಇರಲಿಲ್ಲ. ನೆಲ ಗುಡಿಸಿ ನೀರು ಚಿಮುಕಿಸಿತ್ತು. ಗೂಟವೂ ಇಲ್ಲ.

ಎಮ್ಮೆ ಎಲ್ಲಮ್ಮ ಅಂದೆ. ಮೇಯಾಕೆ ಓಗೈತೆ ಅಂದಳು. ಪೆರುಮಾಳ್ ಮನೆಗಾ ಅಂದೆ.

ಅವಳು ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಗೋಕೆ ಶುರು ಮಾಡಿದಳು, ಕಣ್ಣಲ್ಲಿ ನೀರು ಬರೋವರೆಗೂ. ನನಗೂ ತಡೆಯೋಕಾಗಲಿಲ್ಲ. ಇಬ್ಬರೂ ಬಾಗಿಲ ಹಿಂದೆ ಕೂತು ನಕ್ಕೆವು, ಕದ್ದು ಹುಣಸೆಹಣ್ಣು ತಿಂದ ಹುಡುಗೀರ ಹಾಗೆ.

ಆಮೇಲೆ ಮೂಗು ಒರೆಸಿಕೊಂಡು ಹೇಳಿದಳು — "ತಿಪ್ಪೆ ಇಲ್ಲ ಅಂದ್ರೆ ನಿಮ್ಮೋರು ಬಾಗಿಲಿಗೇ ಬತ್ತಿರ್ಲಿಲ್ಲ. ನಲ್ಲಿ ಐತೆ, ಆಸ್ಪತ್ರೆ ಐತೆ, ವಾರಕ್ಕೊಂದು ಸಂತೆ ಐತೆ. ಅದ್ನೆಲ್ಲ ಕೋಲಲ್ಲಿ ತಿವಿದು ನೋಡಾಕಾಗ್ತದಾ? ತಿಪ್ಪೆ ಆದ್ರೆ ತಿವೀತಾರೆ. ತಂದು ಆಕಿದ್ವಿ."

ಕಸ ಎತ್ತೋ ತೋಟಿಯವರ ಕೈಕಾಲು ಹಿಡಿದು ಒಂದು ದಿನ ತಿಪ್ಪೆ ಎತ್ತದ ಹಾಗೆ ಮಾಡಿದಳಂತೆ. ಮಾರನೇ ದಿನ ಇನಿಸ್‌ಪೆಟ್ರು ಬರೋದರೊಳಗೆ ಎತ್ತಿದರಂತೆ. ಮಗ ಬೇಡ ಅಂದಿದ್ದನಂತೆ. ಎಮ್ಮೆ ಹಿಡಕೊಂಡು ಬರುವಾಗ ತಲೆ ಎತ್ತಲಿಲ್ಲವಂತೆ.

ನನಗೆ ಇವಳ ಮೇಲೆ ಕೋಪ ಬರಲಿಲ್ಲ. ತಿಪ್ಪೆ ಕೇಳಿದ್ದು ನಾವು. ಅವರು ಕೊಟ್ಟರು.

ಒಳಗೆ ಶ್ರೀನಿವಾಸಪ್ಪ ಮಲಗಿದ್ದ. ಕೆಮ್ಮು. ಮನೆ ನೋಡೋ ದಿನ ಕೆಮ್ಮಿರಲಿಲ್ಲ, ಅಥವಾ ಅವತ್ತು ತಡೆದಿದ್ದನೋ. ಜರಡಿಯಲ್ಲಿ ಮರಳು ಆಡಿಸಿದ ಸದ್ದು. ಧೂಳು, ಎಲ್ಲರಿಗೂ ಇರ್ತದೆ ಅಂದಳು ಅಮ್ಮಾಜಮ್ಮ. ಬೇಗ ಬೇಗ ಅಂದಳು.

ಫೆ. ೨೨, ಶನಿವಾರ. ಶಿವರಾತ್ರಿ ಮಾರನೇ ದಿನ

ಶನಿವಾರ ಮೊಸರು ಮಾರಲ್ಲ, ವೆಂಕಟರಮಣನ ದಿನ. ಜಾಗರಣೆ ಆಗಿ ಕಣ್ಣು ಉರಿ. ಪಾಪಕ್ಕ ಬಾವಿಗೆ ಹೋಗಿಬಂದು ಕೊಡ ಇಳಿಸುತ್ತಾ ಹಾಡಿಕೊಳ್ಳುತ್ತಿದ್ದಳು. ಹಾಡೋ ಹುಡುಗಿಯಲ್ಲ ಅವಳು.

ಫೆ. ೨೪, ಸೋಮವಾರ

ಮಾರಿಯಮ್ಮನಿಗೆ ಸುದ್ದಿ ಮುಟ್ಟಿದೆ. ಲೈನಿನಲ್ಲಿ ಮುಟ್ಟದೆ ಇರುತ್ತಾ, ತಿಪ್ಪೆ ಹೊತ್ತುಕೊಂಡು ಹೋಗಿದ್ದು ಅವಳ ಮನೆ ಮುಂದೆಯೇ. ಪಾತ್ರೆ ಹಿಡಕೊಂಡು ಬಂದು ಕನ್ನಡದಲ್ಲೇ ಮಾತಾಡಿದಳು, ಕಷ್ಟಪಟ್ಟು. ಅವಳು ಕನ್ನಡ ಹಿಡಿದರೆ ವಿಷಯ ದೊಡ್ಡದು ಅಂತ ಲೆಕ್ಕ.

"ತಿಪ್ಪೆ ಪಾತೀರ, ಎಮ್ಮೆ ನೋಡಿದೀರ. ಮನೆ ಯಾರ್ದು ಅಂತ ಕೇಟೀರಾ ಅಕ್ಕಾ?"

ಅವರದೇ, ಇನ್ಯಾರದು ಅಂದೆ.

ನನ್ನ ಮುಖ ನೋಡಿದಳು, ಚಿಕ್ಕ ಮಗುವನ್ನ ನೋಡೋ ಹಾಗೆ. ಇಲ್ಲಿ ಯಾರ ಮನೆಯೂ ಯಾರದೂ ಅಲ್ಲವಂತೆ. ಎಲ್ಲ ಕಂಪನೀದು. ಗಂಡಸು ಒಳಗೆ ಇಳಿಯೋವರೆಗೂ ಬಾಗಿಲು ತೆಗೆದಿರುತ್ತೆ. ಡಾಕ್ಟರು ಎದೆ ನೋಡಿ ಅನ್‌ಫಿಟ್ ಅಂದ ದಿನ ಬಾಗಿಲು ಹಾಕಬೇಕು. ಅವಳ ಅಪ್ಪನಿಗೆ ಹಾಗೇ ಆಯಿತಂತೆ. ಪಾತ್ರೆ ಪಗಡೆ ಎಲ್ಲ ಬೀದಿಗೆ, ಇವಳು ಆಗ ಚಿಕ್ಕೋಳು, ಒಲೆ ಮೇಲಿದ್ದ ಸಾರು ಕೈಯಲ್ಲಿ ಹಿಡಕೊಂಡು ಹೊರಗೆ ನಿಂತಿದ್ದಳಂತೆ. ಇದನ್ನ ಹೇಳುವಾಗ ಅವಳ ದನಿಯಲ್ಲಿ ದೂರಿರಲಿಲ್ಲ, ಮಳೆ ಬಂದಿತ್ತು ಅನ್ನೋ ಹಾಗೆ ಹೇಳಿದಳು.

ಇವತ್ತು ಮೇಲಿಂದ ಸುರಿದೆನೋ ಹತ್ತಿರದಿಂದ ಸುರಿದೆನೋ ನೆನಪಿಲ್ಲ.

ಊರಲ್ಲಿ ಎಂಥ ಬಡವನಾದರೂ ಮಣ್ಣಿನ ಗೋಡೆ ಅವನದೇ. ಆ ಪ್ರಶ್ನೆ ನಮ್ಮ ಬಾಯಿಗೇ ಬರಲ್ಲ. ಕೋಲು ಹಿಡಕೊಂಡು ಹೋದೆವು, ಬುಡ ನೋಡಿದೆ ಅಂತ ನಾನೂ ಜಂಬಪಟ್ಟೆ. ಮನೆ ಯಾರದು ಅಂತ ಒಬ್ಬರೂ ಕೇಳಲಿಲ್ಲ.

ಅಮ್ಮಾಜಮ್ಮನ ಹತ್ತಿರ ಹೋದೆ. ಈ ಸಲ ನಗಲಿಲ್ಲ. ಕೇಳಿದ್ದಕ್ಕೆಲ್ಲ ಹೌದು ಅಂದಳು. ಯಜಮಾನನಿಗೆ ಅನ್‌ಫಿಟ್ ಆಗೋದು ನಿಜ, ಇವತ್ತೋ ನಾಳೆಯೋ. ಅಷ್ಟರೊಳಗೆ ಸೊಸೆ ತಂದುಬಿಡೋಣ ಅಂತ. ಬೀದಿಗೆ ಬಿದ್ದ ಮನೆಗೆ ಯಾರು ಕೊಡ್ತಾರೆ ಅಂದಳು.

ಆಮೇಲೆ ಮನೆ ಕಥೆ ಏನು ಅಂದೆ.

"ಮೇಲ್ಗಡೆ ಕೆಲಸದೋರಿಗೆ ಮನೆ ಕೊಡಾಕಿಲ್ಲ. ಕೋದಂಡ ಒಳಕ್ಕೆ ಇಳೀತಾನೆ. ಅಪ್ಪನ ಎಸರು ತೆಗೆದು ಇವನ ಎಸರು ಬರೀತಾರೆ. ಮನೆ ಉಳೀತದೆ."

ಅವನಿಗೆ ಮನಸ್ಸಿದೆಯಾ ಅಂತ ಕೇಳಿದೆ.

"ಮನಸ್ಸು ಯಾರು ಕೇಳ್ತಾರಮ್ಮ. ನಿನ್ ಮಗಳಿಗೆ ನಲ್ಲಿ ಬೇಕು ಅಂತ ಶೆಟ್ಟಿ ಏಳಿದ್ದ."

ಒಳಗಿಂದ ಆ ಕೆಮ್ಮು.

ಎದ್ದು ಬಂದೆ. ದಾರಿ ಉದ್ದಕ್ಕೂ ಅದೇ. ನನ್ನ ಮಗಳ ಕೊಡ ತುಂಬೋಕೆ ಇನ್ನೊಬ್ಬಳ ಮಗ ಆ ಟೊಳ್ಳಿಗೆ ಇಳಿಯಬೇಕು. ಇಪ್ಪತ್ತು ವರ್ಷದ ಮೇಲೆ ಪಾಪಕ್ಕ ಇದೇ ಬಾಗಿಲಲ್ಲಿ ಕೂತು ಯಾರಿಗೋ ಧೂಳು, ಎಲ್ಲರಿಗೂ ಇರ್ತದೆ ಅಂತ ಹೇಳಬೇಕು.

ಫೆ. ೨೯, ಶನಿವಾರ

ಈ ವರ್ಷ ಫೆಬ್ರವರಿಗೆ ಒಂದು ದಿನ ಹೆಚ್ಚಂತೆ, ಅಂಗಡಿ ಕ್ಯಾಲೆಂಡರಿನಲ್ಲಿದೆ. ಎಲ್ಲಿಂದ ತಂದರೋ ದಿನಾನ.

ಗುಡಿಯಲ್ಲಿ ಹೂವಿನ ಪ್ರಸಾದ ಕೇಳಿದೆ. ಬಲಗಡೆ ಬಿದ್ದರೆ ಕೊಡು, ಎಡಗಡೆ ಬಿದ್ದರೆ ಬಿಡು ಅಂತ. ಕೂತೆ, ಕೂತೆ. ಎರಡು ಕಡೆಯೂ ಬೀಳಲಿಲ್ಲ. ಪೂಜಾರಿ ಅಂಟಿಕೊಂಡಿದೆ ಅಂದ. ದೇವರಿಗೂ ಯೋಚನೆ ಹತ್ತಿದೆ ಅಂದುಕೊಂಡು ಎದ್ದುಬಂದೆ.

ಮಾರ್ಚ್ ೧, ಭಾನುವಾರ

ಯಜಮಾನರಿಗೆ ಹೇಳಿದೆ. ತಿಪ್ಪೆ, ಎಮ್ಮೆ, ಕೆಮ್ಮು, ಮನೆ, ಎಲ್ಲ.

ತಿಪ್ಪೆ ಸುಳ್ಳು ಅಂದದ್ದಕ್ಕೇ ಅವರು ಎದ್ದು ನಿಂತರು. ಮಿಕ್ಕಿದ್ದು ಕಿವಿಗೆ ಬೀಳಲೇ ಇಲ್ಲ. ಅಣ್ಣ ತಿವಿದು ನೋಡಿದ ತಿಪ್ಪೆ ಅದು. ಊರಲ್ಲಿ ಗೊತ್ತಾದರೆ ಅಣ್ಣನ ಕೋಲಿಗೆ ಯಾರು ಬೆಲೆ ಕೊಡ್ತಾರೆ ಅಂದರು. ನಾಳೆಯೇ ಕ್ಯಾಸಂಬಳ್ಳಿಗೆ ಹೇಳಿ ಕಳಿಸ್ತೀನಿ ಅಂದರು. ನೀನು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆಯಲ್ಲ, ಅವರ ಕಡೆಯೋಳಾ ನಮ್ಮ ಕಡೆಯೋಳಾ ಅಂದರು.

ಪಾಪಕ್ಕನ ಕಡೆಯೋಳು ಅಂದೆ. ಅವಳು ಬಾಗಿಲ ಹಿಂದೆ ಇದ್ದಳು, ಎಲ್ಲ ಕೇಳಿಸಿಕೊಂಡಿದ್ದಾಳೆ. ಬಳೆ ಸದ್ದು ಬಂತು.

ಅವರು ಉಣ್ಣಲಿಲ್ಲ. ನಾನೂ.

ಮಾರ್ಚ್ ೮, ಭಾನುವಾರ. ಹಗಲು, ಎರಡನೇ ಸಂಗಿನ ಹೊತ್ತು

ಒಂದು ವಾರ ಏನೂ ಬರೆಯಲಿಲ್ಲ. ಕ್ಯಾಸಂಬಳ್ಳಿಗೆ ಹೇಳಿ ಕಳಿಸಿದ್ದೂ ಆಗಿತ್ತು. ಅಲ್ಲಿಂದ ಉತ್ತರ ಬರೋಕೆ ಮುಂಚೆ, ಶೆಟ್ಟಿಯಿಂದ ಸುದ್ದಿ ಕೇಳಿ ಇವತ್ತು ಕೋದಂಡಪ್ಪ ಬಂದ. ಒಬ್ಬನೇ, ಸೈಕಲ್ ಮೇಲೆ. ಲಗ್ನಕ್ಕೆ ಮುಂಚೆ ಗಂಡು ತಾನಾಗಿ ಹೆಣ್ಣಿನ ಮನೆಗೆ ಬರೋದು ನಾನು ಕಂಡಿಲ್ಲ. ಊರ ನಾಯಿಗಳೆಲ್ಲ ಸೈಕಲ್ ಹಿಂದೆ.

ಯಜಮಾನರು ಜಗಲಿ ಮೇಲಿಂದ ಏಳಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಬಿಸಿಲಲ್ಲಿ ಬಂದೋನು ಅಂತ ನಾನು ಮಜ್ಜಿಗೆ ಕೊಟ್ಟೆ. ಲೋಟ ಹಿಡಕೊಂಡು ನಿಂತೇ ಇದ್ದ.

ತಿಪ್ಪೆ ಆಕಿದ್ದು ತಪ್ಪು ಅಂದ. ಎಮ್ಮೆ ಹಿಡಕೊಂಡು ಬಂದೋನು ನಾನೇ ಅಂದ. ಆಮೇಲೆ ಗಂಟಲು ಸರಿ ಮಾಡಿಕೊಂಡು, ಬಾಯಿಪಾಠ ಒಪ್ಪಿಸೋ ಹಾಗೆ ಹೇಳಿದ — "ಮನೆ ಓಗಲ್ಲ. ನಾಳೆ ಎಸರು ಬರೆಸ್ತೀನಿ, ಒಳಕ್ಕೆ ಇಳೀತೀನಿ. ನಲ್ಲಿ, ದೀಪ ಎಲ್ಲ ಅಂಗೇ ಇರ್ತದೆ. ಮಾತು ಮುರೀಬೇಡಿ."

ಯಜಮಾನರು ನನ್ನ ಕಡೆ ನೋಡಿದರು. ಅವರ ಮುಖ ಸ್ವಲ್ಪ ಸಡಿಲವಾಗಿತ್ತು. ಮನೆ ಉಳಿದು ಲಗ್ನ ನಡೆದರೆ ತಿಪ್ಪೆ ಮಾತು ಮುಚ್ಚಿಹೋಗಿ ಅಣ್ಣನ ಕೋಲೂ ಉಳಿಯಿತು ಅಂತ ಲೆಕ್ಕ ಹಾಕಿದ ಹಾಗಿತ್ತು. ನಾನು ಬಾಯಿ ತೆರೆಯೋಕೆ ಹೋದೆ.

ಬಾಗಿಲ ಹಿಂದಿನಿಂದ ದನಿ ಬಂತು. ಮೆಲ್ಲಗೆ, ಆದರೆ ಜಗಲಿಗೆ ಕೇಳೋ ಹಾಗೆ.

"ಒಳಕ್ಕೆ ಇಳಿಯಾದಾದ್ರೆ ನಾನು ಬರಲ್ಲ ಅಂತ ಏಳವ್ವ."

ಹುಡುಗ ಬಾಗಿಲ ಕಡೆ ನೋಡಲಿಲ್ಲ, ನೆಲ ನೋಡಿದ. ಮಜ್ಜಿಗೆ ಕುಡಿದ, ಒಂದೇ ಗುಟುಕಿಗೆ. ಲೋಟ ತೊಳೆದು ಬೋರಲು ಹಾಕಿದ, ನಮ್ಮ ಮನೆಯ ಗಂಡಸರು ಯಾರೂ ಮಾಡದ ಕೆಲಸ. ಸೈಕಲ್ ಹತ್ತೋ ಮುಂಚೆ ನನ್ನ ಹತ್ತಿರ ಬಂದು, ಮನೆ ಹೋದರೆ ಪೇಟೆಯಲ್ಲಿ ಬಾಡಿಗೆ ಕೋಣೆ ಹಿಡಿಯಬೇಕಾಗ್ತದೆ, ಅಷ್ಟೇ ನನ್ನ ಕೈಲಾಗೋದು ಅಂದ. ಅಲ್ಲಿ ಏನೂ ಇರಲ್ಲ ಅಂದ.

ಏನೂ ಇಲ್ಲದಿದ್ದರೆ ಏನಿರುತ್ತೆ ಅಂತ ನೋಡಿಕೊಂಡು ಬರ್ತೀನಿ ಅಂದೆ.

ಯಜಮಾನರು ಕೇಳಿಸಿಕೊಂಡರು. ಹುಡುಗೀನ ಬೈಯಲಿಲ್ಲ. ಬಹಳ ಹೊತ್ತು ಖಾಲಿ ಬೀದಿ ನೋಡ್ತಾ ಇದ್ದರು.

ಮಾರ್ಚ್ ೧೨, ಗುರುವಾರ. ಸಂಜೆ

ರಾಬರ್ಟ್‌ಸನ್‌ಪೇಟೆಗೆ ಹೋಗಿದ್ದೆ. ಬಳೆ ತೊಡಿಸಬೇಕು ಅಂತ ಹೇಳಿ ಪಾಪಕ್ಕನನ್ನೂ ಕರಕೊಂಡು ಹೋದೆ. ಹೆಣ್ಣು ತಾನೇ ಹೋಗಿ ಮನೆ ನೋಡೋದು ಎಲ್ಲೂ ಇಲ್ಲ. ಇಲ್ಲ ಅಂತ ಯಾರು ಹೇಳಿದ್ದು ಅಂತಲೂ ಗೊತ್ತಿಲ್ಲ. ಬಾಳೋಳು ಅವಳು, ನೋಡೋರು ನಾವು, ಅದ್ಯಾವ ನ್ಯಾಯ. ಬಳೆಯನ್ನೂ ತೊಡಿಸಿದೆ, ಸುಳ್ಳಾಗಬಾರದು ಅಂತ.

ಸೋಮವಾರ ಡಾಕ್ಟರು ಬರೆದೇಬಿಟ್ಟರಂತೆ, ಅನ್‌ಫಿಟ್. ಕೋದಂಡಪ್ಪ ಹೆಸರು ಬರೆಸಲಿಲ್ಲ. ಮನೆ ಬಿಡಬೇಕು. ಪೇಟೆಯ ಎಣ್ಣೆ ಅಂಗಡಿ ಹಿಂದೆ ಒಂದು ಕೋಣೆ, ಒಂದು ಪಡಸಾಲೆ ಹಿಡಿದಿದ್ದಾರೆ. ಒಂದು ಪಕ್ಕ ಜಟಕಾ ಹೊಡೆಯೋ ಸಾಬರ ಮನೆ, ಇನ್ನೊಂದು ಪಕ್ಕ ದೊರೆಗಳ ಮನೆ ಬಟ್ಟೆ ಒಗೆಯೋ ತೆಲುಗರು. ಬೀದಿ ತುಂಬ ಮಾತು, ಮೂರು ಭಾಷೆ ಒಂದರ ಮೇಲೊಂದು.

ಅಮ್ಮಾಜಮ್ಮ ನೆಲ ಸಾರಿಸುತ್ತಿದ್ದಳು. ನಮ್ಮನ್ನ ಕಂಡು, ಪಾಪಕ್ಕನೂ ಇದ್ದಾಳೆ ಅಂತ ಕಂಡು, ಸಗಣಿ ಕೈಯಲ್ಲೇ ನಿಂತಳು. ಶ್ರೀನಿವಾಸಪ್ಪ ಹೊಸಲು ಮೇಲೆ ಕೂತ್ಕೊಂಡು ಉಸಿರು ಕೂಡಿಸ್ಕೊಳ್ತಿದ್ದ. ಬೌರಿಂಗ್‌ಪೇಟೆ ಕಡೆ ಹೊಲ ಮಾರಿ ಗಣಿಗೆ ಬಂದೋನಂತೆ, ಹುಡುಗನಾಗಿದ್ದಾಗ. ಬಾ ತಾಯಿ ಅಂದ, ಅಷ್ಟಕ್ಕೇ ಸುಸ್ತಾದ.

ನಾನು ಪಾಪಕ್ಕನಿಗೆ ಹೊರಗೇ ನಿಲ್ಲು ಅಂದಿದ್ದೆ. ನಿಲ್ಲಲಿಲ್ಲ. ಆ ಮುದುಕನ ಪಕ್ಕದಿಂದ ಬಗ್ಗಿ ಒಳಗೆ ಬಂದಳು. ಗೋಡೆ ನೋಡಲಿಲ್ಲ, ಸೂರು ನೋಡಲಿಲ್ಲ. ಕೋಣೆ ಮೂಲೆಯಲ್ಲಿ ಅಮ್ಮಾಜಮ್ಮ ಇಟ್ಟಿದ್ದ ಮೂರು ಒಲೆಕಲ್ಲಿನ ಹತ್ತಿರ ಹೋದಳು. ಮಂಚ ಎಲ್ಲಿ ಹಾಕ್ತೀರ ಅಂತ ಕೇಳಿದಳು. ಅಮ್ಮಾಜಮ್ಮ ಪಡಸಾಲೆ ತೋರಿಸಿದಳು. ಪಾಪಕ್ಕ ಒಂದು ಹಿಡಿ ತೆಂಗಿನ ನಾರು ತಗೊಂಡು ಹಚ್ಚಿ ಕಲ್ಲಿನ ನಡುವೆ ಇಟ್ಟಳು. ಹೊಗೆ ಎದ್ದು ನೇರ ಪಡಸಾಲೆಗೆ ಹೋಯಿತು. ಹೊಸಲು ಮೇಲೆ ಶ್ರೀನಿವಾಸಪ್ಪ ಕೆಮ್ಮಿದ.

ನಾರು ತುಳಿದು ಆರಿಸಿದಳು. ಕಲ್ಲು ಒಂದೊಂದಾಗಿ ಎತ್ತಿಕೊಂಡು ಹೋಗಿ ಹಿಂಬಾಗಿಲ ಪಕ್ಕಕ್ಕೆ ಇಟ್ಟಳು, ಗಾಳಿ ಹೊರಕ್ಕೆ ಎಳೆಯೋ ಕಡೆ. ಮತ್ತೆ ಹಚ್ಚಿದಳು. ಹೊಗೆ ಹೊರಗೆ ಹೋಯಿತು. ಕಲ್ಲಿನ ಬುಡಕ್ಕೆ ಮಣ್ಣು ಮೆತ್ತಿ ಕೂರಿಸಿದಳು, ಹೊಸ ಬಳೆಗೆ ಮಣ್ಣು ತಾಗದ ಹಾಗೆ ಮೇಲಕ್ಕೆ ಸರಿಸಿಕೊಂಡು.

"ಮಾವ ಈ ಕಡೆ ಮಲಗ್ತಾರಲ್ಲ. ಒಗೆ ಅತ್ಲಾಗೆ ಓಗ್ಲಿ."

ಮಾವ ಅಂದಳು. ತಾಂಬೂಲ ಆಗಿಲ್ಲ, ಲಗ್ನ ಇಟ್ಟಿಲ್ಲ. ಅಮ್ಮಾಜಮ್ಮ ಗೋಡೆ ಕಡೆ ತಿರುಗಿದಳು. ನಾನು ಗೋವಿಂದಾ ಅಂದೆ.

ದಾರಿಯಲ್ಲಿ ಅವಳು ಮುಂದೆ, ನಾನು ಹಿಂದೆ. ಇನ್ನು ಕೇಳೋಕೆ ಏನಿದೆ.

ಯಜಮಾನರು ಹೊಲದಿಂದ ಬರೋ ಹೊತ್ತು. ಕ್ಯಾಸಂಬಳ್ಳಿಯವರು ನಾಳೆ ಬರ್ತಾರಂತೆ. ಏನಂತ ಶುರು ಮಾಡಲಿ. ಬಳೆಯಿಂದ ಶುರು ಮಾಡಿದರೆ ತಪ್ಪಿಸಿಕೊಂಡ ಹಾಗಾಗುತ್ತೆ. ನೇರ ಹೇಳಿಬಿಡ್ತೀನಿ. ನಿಮ್ಮ ಮಗಳು ಲಗ್ನಕ್ಕೆ ಮೊದಲೇ ಒಲೆ ಹೂಡಿ ಬಂದಿದ್ದಾಳೆ, ಇನ್ನು ಆ ಕಲ್ಲು ಕೀಳೋರು ಯಾರು ಅಂತ ನೀವೇ —

ಬಂದರು.